ಏಜೆಂಟ್ 28 ಸಾವಿರ ಕೇಳುತ್ತಿದ್ದಾನೆ, ಹೆವಿ ಲೈಸೆನ್ಸ್‌ಗೆ ಕೊಟ್ಟುಬಿಡಲಾ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನವನು, ವಯಸ್ಸು 24. ಈಗ ಇರುವುದು ನವಿ ಮುಂಬೈಯ ಕೋಪರ್‌ಖೈರಣೆಯಲ್ಲಿ. ತುರ್ಭೆ ಮಾರ್ಕೆಟ್‌ನಿಂದ ಹೋಟೆಲ್‌ಗಳಿಗೆ ತರಕಾರಿ ಹಾಕುವ ಪಿಕಪ್ ಓಡಿಸುತ್ತೇನೆ. ವಿಜಯಪುರದಲ್ಲಿ ತೆಗೆದ ಕಾರಿನ ಲೈಸೆನ್ಸ್ ಇದೆ, ಮೂರು ವರ್ಷ ದಾಟಿದೆ. ನಮ್ಮ ಊರಿನವರೇ ಒಬ್ಬ ಮಾಲೀಕರು ಹೆವಿ ಲೈಸೆನ್ಸ್ ತಂದರೆ ಹತ್ತು ಚಕ್ರದ ಗಾಡಿ ಕೊಡುತ್ತೇನೆ ಅಂದಿದ್ದಾರೆ. ಏಜೆಂಟ್ ಒಬ್ಬ 28 ಸಾವಿರ ಕೊಟ್ಟರೆ ಟೆಸ್ಟ್ ಇಲ್ಲದೆ ಮನೆಗೇ ಕಾರ್ಡ್ ಬರುತ್ತದೆ ಎನ್ನುತ್ತಾನೆ. ನಾನು ಓದಿದ್ದು ಏಳನೇ ಕ್ಲಾಸ್, ಎಂಟನೇ ಪಾಸಾಗದಿದ್ದರೆ ನೇರವಾಗಿ ಸಿಗುವುದೇ ಇಲ್ಲವಂತೆ. ಕನ್ನಡಕವೂ ಇದೆ. ಬ್ಯಾಡ್ಜ್ ಇಲ್ಲದೆ ನೀನು ಪಿಕಪ್ ಓಡಿಸುವುದೇ ತಪ್ಪು ಎಂದು ಮಾವ ಹೆದರಿಸುತ್ತಾರೆ. ಹೆವಿ ತೆಗೆದರೆ ಕಾರಿನ ಲೈಸೆನ್ಸೂ ಐದೇ ವರ್ಷಕ್ಕೆ ಇಳಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದೆಲ್ಲದರ ಮೇಲೆ ಅವ್ವ, ಲಾರಿ ಆಕ್ಸಿಡೆಂಟ್ ಆದರೆ ಈಗ ಹತ್ತು ವರ್ಷ ಜೈಲಂತೆ, ಬೇಡ ಅಂತ ಅಳುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಕಳಂಬೋಲಿ ಕಡೆ ದೊಡ್ಡ ಗಾಡಿ ಕಲಿಸಲು ಶುರು ಮಾಡಿ ನನಗೆ ಇಪ್ಪತ್ತೆರಡು ವರ್ಷ ಆಯಿತು. ಅದಕ್ಕೂ ಮೊದಲು ಬೆಳಗಾವಿ–ಮುಂಬೈ ಲೈನ್‌ನಲ್ಲಿ ಓಡಿಸಿದ್ದೇನೆ. ಇಷ್ಟು ವರ್ಷದಲ್ಲಿ ವಾರಕ್ಕೊಬ್ಬರಾದರೂ ಇದೇ ಪ್ರಶ್ನೆ ತಂದಿದ್ದಾರೆ, ಏಜೆಂಟ್ ಹೇಳುವ ರೇಟ್ ಮಾತ್ರ ಏರುತ್ತಾ ಹೋಗಿದೆ. ಅವನು ನಿಮಗೆ ಮಾರುತ್ತಿರುವುದರಲ್ಲಿ ಮುಕ್ಕಾಲು ಪಾಲು ಈಗಾಗಲೇ ನಿಮ್ಮ ಕೈಯಲ್ಲಿದೆ. ಉಳಿದ ಕಾಲು ಭಾಗವನ್ನು ಅವನು ಮಾರಲು ಆಗುವುದೇ ಇಲ್ಲ. ಹೇಗೆ ಅಂತ ಹೇಳುತ್ತೇನೆ.

ಮೊದಲು ಎಂಟನೇ ಕ್ಲಾಸಿನ ವಿಷಯ. ಅದು ಒಂದು ಕಾಲಕ್ಕೆ ನಿಜವಾಗಿತ್ತು. ಸಾರಿಗೆ ವಾಹನ ಓಡಿಸುವವರು ಎಂಟನೇ ತರಗತಿ ಪಾಸಾಗಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇತ್ತು. ಹರಿಯಾಣದ ಮೇವಾತ್ ಕಡೆ ಶಾಲೆಗೆ ಹೋಗದ ಆದರೆ ಕೈ ಪಳಗಿದ ಡ್ರೈವರ್‌ಗಳು ಜಾಸ್ತಿ, ಅವರಿಗೆ ವಿನಾಯಿತಿ ಕೊಡಿ ಎಂದು ಅಲ್ಲಿನ ಸರಕಾರ ಕೇಳಿತ್ತು. ಕೊನೆಗೆ 2019ರಲ್ಲಿ ಆ ಷರತ್ತನ್ನು ಇಡೀ ದೇಶಕ್ಕೇ ತೆಗೆದುಹಾಕಿದರು. ಆದರೆ ಏಜೆಂಟ್‌ಗಳ ಬಾಯಲ್ಲಿ ಅದು ಇನ್ನೂ ಬದುಕಿದೆ, ಯಾಕೆಂದರೆ ಮಾರ್ಕ್ಸ್ ಕಾರ್ಡ್ ‘ಮಾಡಿಸಿಕೊಡಲು’ ಬೇರೆ ಐದು ಸಾವಿರ ಕೇಳಬಹುದಲ್ಲ! ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಬೇಕಿಲ್ಲದ ಕಡೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದ ಹುಡುಗರನ್ನು ನೋಡಿದ್ದೇನೆ.

ಮಾವನವರ ಮಾತು. ಅವರು ಸುಮ್ನೆ ಹೆದರಿಸುತ್ತಿಲ್ಲ, ಅವರ ಕಾಲದಲ್ಲಿ ಇದು ದೊಡ್ಡ ಜಗಳವೇ ಆಗಿತ್ತು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಹಳದಿ ಬೋರ್ಡ್ ಗಾಡಿ ಓಡಿಸಿದ್ದ ಎಂದು ಇನ್ಶೂರೆನ್ಸ್ ಕಂಪನಿಗಳು ಎಷ್ಟೋ ಕ್ಲೇಮ್‌ಗಳಿಗೆ ತಕರಾರು ತೆಗೆಯುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್‌ನ ಮೂವರ ಪೀಠ ಡ್ರೈವರ್‌ಗಳ ಪರ ಹೇಳಿತು, ಆಮೇಲೂ ತಕರಾರು ನಿಲ್ಲಲಿಲ್ಲ, ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ಲೈಸೆನ್ಸ್ ಸಾಕು, ಬೇರೆ ನಮೂದು ಬೇಡ. ಪಿಕಪ್‌ನ ಆರ್‌ಸಿಯಲ್ಲಿ ಜಿವಿಡಬ್ಲ್ಯೂ, ಅಂದರೆ ಒಟ್ಟು ತೂಕ ಅಂತ ಒಂದು ಸಂಖ್ಯೆ ಇರುತ್ತದೆ, ನೋಡಿ, 7,500ಕ್ಕಿಂತ ಎಷ್ಟೋ ಕೆಳಗಿರುತ್ತದೆ. ಆ ಸಂಖ್ಯೆ ಖಾಲಿ ಗಾಡಿಯದಲ್ಲ, ಲೋಡ್ ಸೇರಿದ್ದು, ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಇನ್ನು ಬ್ಯಾಡ್ಜ್ ಎನ್ನುವುದು ರಿಕ್ಷಾ, ಟ್ಯಾಕ್ಸಿ, ಬಸ್ ಹೀಗೆ ಜನರನ್ನು ಕೂರಿಸಿಕೊಂಡು ಓಡಿಸುವವರ ವಿಷಯ. ಟೊಮೆಟೊಗೆ ಬ್ಯಾಡ್ಜ್ ಬೇಡ.

ಆದರೆ ಹತ್ತು ಚಕ್ರದ ಗಾಡಿ ಬೇರೆಯೇ. 7,500 ದಾಟಿದರೆ ಮಧ್ಯಮ, 12,000 ಕಿಲೋ ದಾಟಿದರೆ ಭಾರಿ. ಅದಕ್ಕೆ ಸಾರಿಗೆ ವಾಹನದ ಲೈಸೆನ್ಸ್ ಬೇಕೇ ಬೇಕು. ನಾವು ಹೆವಿ ಅನ್ನುವುದು, ಕಾರ್ಡಿನಲ್ಲಿ ಸಾಮಾನ್ಯವಾಗಿ ಟ್ರಾನ್ಸ್ ಅಂತ ಬರುವುದು ಅದೇ. ವಯಸ್ಸು 20 ಆಗಿರಬೇಕು, ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ನಿಮಗೆ ಎರಡೂ ಆಗಿದೆ. ನೋಡಿ, ಏಜೆಂಟ್ ಮಾರುವ ಮುಕ್ಕಾಲು ಪಾಲು ಅಂದೆನಲ್ಲ, ಅದು ಇದು.

ಲೈಸೆನ್ಸ್ ಐದು ವರ್ಷಕ್ಕೆ ಇಳಿಯುತ್ತದೆ ಎನ್ನುವುದು ಅರ್ಧ ನಿಜ. ಕಾರ್ಡಿನ ಮೇಲೆ ಎರಡು ತಾರೀಕು ಬರುತ್ತವೆ. ಕಾರು, ಬೈಕಿನದು ಮೊದಲಿದ್ದ ಹಾಗೇ ಇರುತ್ತದೆ. ಸಾರಿಗೆಯದು ಮಾತ್ರ ಐದು ವರ್ಷ, ಮೊದಲು ಅದೂ ಮೂರೇ ವರ್ಷ ಇತ್ತು. ನವೀಕರಣಕ್ಕೆ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದ ಮೇಲೆ ಒಂದು ವರ್ಷ ಕಳೆದರೆ ಮತ್ತೆ ಟೆಸ್ಟ್ ಕೊಡಬೇಕು. ಇನ್ನೊಂದು ಮುಖ್ಯ ವಿಷಯ: ತಾರೀಕು ಮುಗಿದ ಮೇಲೂ ಒಂದು ತಿಂಗಳು ಓಡಿಸಬಹುದು ಎಂದು ಹಳೇ ಡ್ರೈವರ್‌ಗಳು ಈಗಲೂ ಹೇಳುತ್ತಾರೆ, ಆ 30 ದಿನದ ಸಡಿಲ 2019ರ ತಿದ್ದುಪಡಿಯಲ್ಲೇ ಹೋಗಿದೆ. ತಾರೀಕು ಮುಗಿದ ಮಾರನೇ ದಿನ ಕೈಯಲ್ಲಿ ಕಾರ್ಡ್ ಇದ್ದರೂ ಲೈಸೆನ್ಸ್ ಇಲ್ಲದವನ ಲೆಕ್ಕವೇ.

ಕನ್ನಡಕ ಇದ್ದರೆ ತೊಂದರೆ ಇಲ್ಲ. ಡಾಕ್ಟರ್ ಕೊಡುವ ಫಾರಂ 1ಎ ಅಂತ ಒಂದು ಸರ್ಟಿಫಿಕೇಟ್ ಬೇಕು. ಕನ್ನಡಕ ಹಾಕಿಕೊಂಡು 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರಬೇಕು, ಕೆಂಪು ಹಸಿರು ಬೇರೆ ಬೇರೆ ಅಂತ ಗೊತ್ತಾಗಬೇಕು. ನೂರು ರೂಪಾಯಿಗೆ ಕಣ್ಣು ನೋಡದೇ ಸಹಿ ಹಾಕುವವರೂ ಇದ್ದಾರೆ. ನೀವು ನಿಜವಾಗಿಯೂ ತೋರಿಸಿ. ರಾತ್ರಿ ಎರಡು ಗಂಟೆಗೆ ಎದುರಿನ ಲೈಟ್ ಕಣ್ಣಿಗೆ ಹೊಡೆದಾಗ ಹಳೇ ನಂಬರಿನ ಕನ್ನಡಕ ಏನು ಮಾಡುತ್ತದೆ ಎಂದು ನನಗೆ ಗೊತ್ತು, ನಾನೂ ಕನ್ನಡಕದವನೇ.

ಈಗ ಆ 28 ಸಾವಿರ. ಟೆಸ್ಟ್ ಇಲ್ಲದ ಕಾರ್ಡ್‌ನಲ್ಲಿ ಎರಡು ಜಾತಿ. ಒಂದು ಪೂರಾ ನಕಲಿ: ಪ್ಲಾಸ್ಟಿಕ್ ಚೆನ್ನಾಗಿರುತ್ತದೆ, ನಂಬರೂ ಇರುತ್ತದೆ, ಲೈಸೆನ್ಸ್‌ಗಳ ಸರಕಾರಿ ವೆಬ್‌ಸೈಟ್ ಸಾರಥಿಯಲ್ಲಿ ಹಾಕಿದರೆ ಏನೂ ಬರುವುದಿಲ್ಲ, ಅಥವಾ ಇನ್ಯಾರದ್ದೋ ಹೆಸರು ಬರುತ್ತದೆ. ಮೊದಲೆಲ್ಲ ದೂರದ ಯಾವುದೋ ರಾಜ್ಯದ ಹೆಸರಿನಲ್ಲಿ ಇಂಥವು ಬರುತ್ತಿದ್ದವು. ಒಬ್ಬರ ಹತ್ತಿರ ಎರಡು ಲೈಸೆನ್ಸ್ ಇರುವುದೇ ಕಾನೂನಿಗೆ ವಿರುದ್ಧ ಎನ್ನುವುದು ಎಷ್ಟೋ ಹುಡುಗರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಜಾತಿ ಸ್ವಲ್ಪ ಜಾಣತನದ್ದು. ಕಾರ್ಡ್ ಅಸಲಿ, ಸಾರಥಿಯಲ್ಲೂ ಕಾಣುತ್ತದೆ, ಆದರೆ ನೀವು ಕಾಲಿಡದ ಡ್ರೈವಿಂಗ್ ಸ್ಕೂಲಿನಿಂದ ಫಾರಂ 5, ಅಂದರೆ ಗಾಡಿ ಕಲಿತ ಸರ್ಟಿಫಿಕೇಟ್ ಬಂದಿರುತ್ತದೆ, ಟೆಸ್ಟ್ ಕಾಗದದ ಮೇಲೆ ಮಾತ್ರ ನಡೆದಿರುತ್ತದೆ. ಮೋಸದಿಂದ ಪಡೆದದ್ದು ಎಂದು ಗೊತ್ತಾದರೆ ಆರ್‌ಟಿಓ ಇಂಥ ಲೈಸೆನ್ಸನ್ನು ರದ್ದು ಮಾಡಬಹುದು, ಅದರ ಜೊತೆ ನಿಮ್ಮ ಕಾರಿನದೂ ಹೋಗಬಹುದು. ಯಾವಾಗ ಗೊತ್ತಾಗುತ್ತದೆ? ಎಲ್ಲ ಸರಿ ಇರುವಾಗ ಯಾರೂ ಕೆದಕುವುದಿಲ್ಲ. ಸಾವು ನೋವು ಆಗಿ ಕ್ಲೇಮ್ ಟ್ರಿಬ್ಯೂನಲ್‌ಗೆ ಹೋದಾಗ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ಕೇಳುವುದೇ ಡ್ರೈವರ್ ಲೈಸೆನ್ಸ್. ಅದು ನಕಲಿ ಎಂದಾದರೆ ಸಾಮಾನ್ಯವಾಗಿ ಕೋರ್ಟ್ ಕಂಪನಿಗೆ, ನೊಂದವರಿಗೆ ಹಣ ಕೊಡಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎನ್ನುತ್ತದೆ. ಮಾಲೀಕ ಗೊತ್ತಿದ್ದೂ ಗಾಡಿ ಕೊಟ್ಟಿದ್ದನಾ ಎನ್ನುವ ಪ್ರಶ್ನೆ ಅಲ್ಲಿ ಬರುತ್ತದೆ. ನಿಮ್ಮ ಊರಿನವರೇ, ನಂಬಿ ಗಾಡಿ ಕೊಡುವವರು, ಅವರ ಹೊಲದ ಮೇಲೆ ಬರುವ ವಿಷಯ ಇದು.

ಹಾಗಾದರೆ ಸರಿಯಾದ ದಾರಿ ಎಷ್ಟು ಕಷ್ಟ? ಅಷ್ಟೇನಿಲ್ಲ, ಅಲೆದಾಟ ಇದೆ ಅಷ್ಟೆ. ಸಾರಥಿಯಲ್ಲಿ ನಿಮ್ಮ ಈಗಿನ ಲೈಸೆನ್ಸ್ ನಂಬರ್ ಹಾಕಿ ನೋಡಿ. ಸ್ಮಾರ್ಟ್ ಕಾರ್ಡ್ ಆಗಿದ್ದರೆ ವಿವರ ಬಂದೇ ಬರುತ್ತದೆ. ಹಳೇ ಪುಸ್ತಕದ ಲೈಸೆನ್ಸ್ ಇರುವವರಿಗೆ ಮಾತ್ರ ಒಮ್ಮೆ ಊರಿನ ಆರ್‌ಟಿಓಗೆ ಹೋಗಿ ಕಂಪ್ಯೂಟರಿಗೆ ಏರಿಸಿಕೊಂಡು ಬರುವ ಕೆಲಸ ಬೀಳುತ್ತದೆ. ಆಮೇಲೆ ಇಲ್ಲಿನ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಆಧಾರ್‌ನಲ್ಲಿ ಇನ್ನೂ ಊರಿನ ವಿಳಾಸ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ, ನಮ್ಮ ಹುಡುಗರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬಾಡಿಗೆ ಮನೆಯವರು ಅಗ್ರಿಮೆಂಟ್ ಮಾಡಿಕೊಡುವುದಿಲ್ಲ, ವಿಳಾಸದ ದಾಖಲೆ ಇರುವುದಿಲ್ಲ, ಆಗ ಏಜೆಂಟ್ ದೇವರ ಹಾಗೆ ಕಾಣುತ್ತಾನೆ. ಟೆಸ್ಟ್ ಹೆದರಿಕೆಗಿಂತ ಈ ಕಾಗದದ ಹೆದರಿಕೆಯಿಂದಲೇ ಅವನ ಹೊಟ್ಟೆ ತುಂಬುತ್ತಿರುವುದು.

ಅದಾದ ಮೇಲೆ ಸಾರಿಗೆ ವಾಹನಕ್ಕೆ ಕಚ್ಚಾ ಲೈಸೆನ್ಸ್, ಅಂದರೆ ಲರ್ನರ್. ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಪಕ್ಕಾ ಲೈಸೆನ್ಸ್‌ನ ಟೆಸ್ಟ್ ಕೊಡಬಹುದು. ಕೇಂದ್ರದ ದರಪಟ್ಟಿಯಲ್ಲಿ ಲರ್ನರ್‌ಗೆ 150, ಹೊಸ ವರ್ಗ ಸೇರಿಸಲು 500, ಡ್ರೈವಿಂಗ್ ಟೆಸ್ಟ್‌ಗೆ 300, ಸ್ಮಾರ್ಟ್ ಕಾರ್ಡ್‌ಗೆ 200 ಹೀಗೆ ಇದೆ. ಸಣ್ಣಪುಟ್ಟ ಖರ್ಚು ಸೇರಿದರೂ ಸರಕಾರಕ್ಕೆ ಹೋಗುವ ದುಡ್ಡು ಒಂದೂವರೆ ಸಾವಿರದ ಆಸುಪಾಸು. ದೊಡ್ಡ ಖರ್ಚು ಡ್ರೈವಿಂಗ್ ಸ್ಕೂಲಿನದು, ಯಾಕೆಂದರೆ ಫಾರಂ 5 ಅವರೇ ಕೊಡಬೇಕು, ಟೆಸ್ಟ್‌ಗೆ ಲಾರಿಯೂ ಅವರದೇ. ಸ್ಕೂಲ್ ಆರಿಸುವಾಗ ಒಂದೇ ಒಂದು ಪ್ರಶ್ನೆ ಕೇಳಿ: ನಿಮ್ಮ ಲಾರಿ ಎಲ್ಲಿದೆ, ತೋರಿಸಿ. ಬೋರ್ಡ್ ಮೇಲೆ ಹೆವಿ ಅಂತ ಬರೆದು, ಒಳಗೆ ಎರಡು ಸಣ್ಣ ಕಾರು ನಿಲ್ಲಿಸಿಕೊಂಡವರು ಬೇಕಾದಷ್ಟು ಇದ್ದಾರೆ.

ಇನ್ನೊಂದು ದಾರಿ ಸರಕಾರದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು. 2021ರ ಜುಲೈಯಿಂದ ಈ ನಿಯಮ ಬಂದಿದೆ. ಮಧ್ಯಮ ಮತ್ತು ಭಾರಿ ವಾಹನಕ್ಕೆ ಆರು ವಾರದಲ್ಲಿ 38 ಗಂಟೆ ಕಲಿಸುತ್ತಾರೆ, ಅಲ್ಲಿ ಪಾಸಾದರೆ ಆರ್‌ಟಿಓ ಟೆಸ್ಟ್ ಬೇಡ. ಟೆಸ್ಟ್ ಇಲ್ಲದೆ ಲೈಸೆನ್ಸ್ ಸಿಗಲು ಇರುವ ಕಾನೂನಿನ ದಾರಿ ಇದೊಂದೇ. ಆರು ವಾರ ಕೆಲಸ ಬಿಟ್ಟರೆ ಊರಿಗೆ ದುಡ್ಡು ಕಳಿಸುವುದು ಹೇಗೆ ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಪುಣೆಯಲ್ಲಿ ನೆಂಟರಿದ್ದರೆ ಭೋಸರಿ ಹತ್ತಿರ ನಾಸಿಕ್ ಫಾಟಾದಲ್ಲಿ ಸಿಐಆರ್‌ಟಿ ಇದೆ, 1967ರಿಂದ ನಡೆದುಕೊಂಡು ಬಂದ ರಸ್ತೆ ಸಾರಿಗೆ ಸಂಸ್ಥೆ, ಡ್ರೈವರ್ ತರಬೇತಿಯೂ ನಡೆಯುತ್ತದೆ. ಹೋಗಿ ವಿಚಾರಿಸಿ.

ಸರಿ, ಏಜೆಂಟ್ ಮಾರಲಾಗದ ಆ ಕಾಲು ಭಾಗಕ್ಕೆ ಬರುತ್ತೇನೆ. ನೀವು ದಿನಾ ಓಡಿಸುವ ಪಿಕಪ್‌ಗೂ ಹತ್ತು ಚಕ್ರಕ್ಕೂ ಸ್ಟೇರಿಂಗ್ ದುಂಡಗಿರುವುದು ಬಿಟ್ಟರೆ ಹೋಲಿಕೆ ಕಡಿಮೆ. ದೊಡ್ಡದರಲ್ಲಿ ಬ್ರೇಕ್ ಹಿಡಿಯುವುದು ಗಾಳಿ. ಎಂಜಿನ್ ಶುರು ಮಾಡಿ, ಗಾಳಿ ತುಂಬುವವರೆಗೆ ಮೀಟರಿನ ಮುಳ್ಳು ನೋಡುತ್ತಾ ಕಾಯಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಎಲ್ಲೋ ಪೈಪ್ ಸೋರಿ ಗಾಳಿ ಇಳಿದರೆ ಚಕ್ರ ತಾನಾಗೇ ಕಚ್ಚಿ ನಿಲ್ಲುತ್ತದೆ, ನಡು ರಸ್ತೆಯಲ್ಲಿ. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಸರಿದು ಹೋಗುತ್ತದೆ, ಅದೇ ಜಾಗದಲ್ಲಿ ಮುಂಬೈಯ ಬೈಕಿನವನು ತಲೆ ತೂರಿಸುತ್ತಾನೆ, ಅವನು ನಿಮ್ಮ ಕನ್ನಡಿಯಲ್ಲಿ ಕಾಣುವುದಿಲ್ಲ.

ಎಲ್ಲಕ್ಕಿಂತ ಘಾಟ್. ನಾನು ಕ್ಲೀನರ್ ಆಗಿದ್ದ ಕಾಲಕ್ಕೆ ನಮ್ಮ ಉಸ್ತಾದರು ಖಂಡಾಳಾದಿಂದ ಖೋಪೋಲಿಗೆ ಇಳಿಯುವಾಗ ಗಾಡಿ ನ್ಯೂಟ್ರಲ್ ಮಾಡುತ್ತಿದ್ದರು, ಡೀಸೆಲ್ ಉಳಿಸಿ ಆ ದುಡ್ಡು ಜೇಬಿಗೆ. ಒಂದು ಸಲ ಸಕ್ಕರೆ ಲೋಡ್ ಇತ್ತು. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಪೆಡಲ್ ಒತ್ತಿದರೂ ಗಾಡಿ ಕೇಳುತ್ತಿಲ್ಲ. ಉಸ್ತಾದರು ಬಾಯಿ ಮುಚ್ಚಿಕೊಂಡು ಗಾಡಿಯ ಪಕ್ಕೆಯನ್ನು ಗುಡ್ಡಕ್ಕೆ ಉಜ್ಜಿಸಿ ಉಜ್ಜಿಸಿ ನಿಲ್ಲಿಸಿದರು. ನಾನು ಇಳಿದು ವಾಂತಿ ಮಾಡಿಕೊಂಡೆ. ಅವರು ಬೀಡಿ ಹಚ್ಚಲು ನೋಡಿದರು, ಕೈ ನಡುಗಿ ಮೂರು ಕಡ್ಡಿ ವ್ಯರ್ಥವಾದವು.

ಯಾಕೆ ಹೀಗಾಗುತ್ತದೆ ಎಂದರೆ, ಗೇರಿನಲ್ಲಿದ್ದರೆ ಇಳಿಜಾರಿನಲ್ಲಿ ಗಾಡಿಯನ್ನು ಎಂಜಿನ್ನೇ ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದ ತಕ್ಷಣ ಇಪ್ಪತ್ತೈದು ಟನ್ ಪೂರಾ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ, ಲೈನರ್ ಕಾದು ಹಿಡಿತ ಬಿಡುತ್ತದೆ. ಎಂಜಿನ್ ಪೂರಾ ಆಫ್ ಮಾಡಿದರೆ ಇನ್ನೂ ಕೆಟ್ಟದ್ದು, ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ. ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಪುಲ್ ಕಡೆ ಇಳಿಯುವ ರಸ್ತೆಯ ಹೆಸರು ಇಂಥ ಆಕ್ಸಿಡೆಂಟ್‌ಗಳಿಂದಲೇ ನೀವು ಕೇಳಿಯೇ ಇರುತ್ತೀರಿ. ತಮಾಷೆ ಎಂದರೆ ಈಗಿನ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿಗಳಲ್ಲಿ ಗೇರಿನಲ್ಲಿ ಕಾಲು ತೆಗೆದು ಇಳಿದರೆ ಎಂಜಿನ್ ಡೀಸೆಲ್ ಕುಡಿಯುವುದೇ ಇಲ್ಲ, ನ್ಯೂಟ್ರಲ್ ಮಾಡಿದರೇ ಕುಡಿಯುತ್ತದೆ. ಆದರೂ ಚಾಳಿ ಬಿಟ್ಟಿಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ ಗೇರ್, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು.

ಆದ್ದರಿಂದ ನನ್ನ ಸಲಹೆ ಕೇಳುವುದಾದರೆ, ಕಚ್ಚಾ ಲೈಸೆನ್ಸ್ ಬಂದ ಮೇಲೆ ಅದೇ ಮಾಲೀಕರ ಗಾಡಿಯಲ್ಲಿ ಹಳೇ ಡ್ರೈವರ್ ಜೊತೆ ಆರು ತಿಂಗಳು ಹೋಗಿ. ಪಕ್ಕದಲ್ಲಿ ಹೆವಿ ಲೈಸೆನ್ಸ್ ಇರುವವರು ಎಚ್ಚರವಾಗಿ ಕೂತಿರಬೇಕು, ಮುಂದೆ ಹಿಂದೆ ಎಲ್ ಬೋರ್ಡ್ ಇರಬೇಕು, ಆಗ ನೀವು ಸ್ಟೇರಿಂಗ್ ಹಿಡಿಯುವುದು ಕಾನೂನಿಗೆ ಸರಿ. ಡ್ರೈವರ್ ಹಿಂದೆ ಮಲಗಿ, ಖಾಲಿ ರಸ್ತೆ ಇದೆ ನೀನು ಸ್ವಲ್ಪ ಓಡಿಸು ಎನ್ನುತ್ತಾರಲ್ಲ, ಅದು ಸರಿಯಲ್ಲ. ನಾವೆಲ್ಲ ಹಾಗೇ ಕಲಿತವರು, ನಿಜ. ಬದುಕಿ ಉಳಿದವರು ಮಾತ್ರ ಈಗ ಹೇಳುತ್ತಿದ್ದೇವೆ, ಅಷ್ಟೆ. ಈ ಆರು ತಿಂಗಳು ಕೈಗೆ ಬರುವ ದುಡ್ಡು ಪಿಕಪ್‌ಗಿಂತ ಕಡಿಮೆ ಇರಬಹುದು. ಅದಕ್ಕೆ ಮೊದಲೇ ತಯಾರಾಗಿ.

ಟ್ಯಾಂಕರ್ ಆಸೆ ಈಗಲೇ ಬೇಡ. ಮಾಹುಲ್, ಉರಣ್ ಕಡೆ ಟ್ಯಾಂಕರ್‌ನವರಿಗೆ ದುಡ್ಡು ಚೆನ್ನಾಗಿದೆ ಅಂತ ಹುಡುಗರು ಓಡುತ್ತಾರೆ. ಅಪಾಯಕಾರಿ ಸರಕಿಗೆ ಮೂರು ದಿನದ ಬೇರೆ ತರಬೇತಿ ಬೇಕು, ಲೈಸೆನ್ಸ್‌ನಲ್ಲಿ ಬೇರೆ ನಮೂದು ಬೇಕು, ಅದು ಮೂರೇ ವರ್ಷ ನಡೆಯುತ್ತದೆ. ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅಂತಲೂ ನಿಯಮ ಇದೆ. ಏಳನೇ ಕ್ಲಾಸಿನ ಇಂಗ್ಲಿಷನ್ನು ಈಗಿನಿಂದಲೇ ಸ್ವಲ್ಪ ಉಜ್ಜಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವ್ವನಿಗೆ ಏನು ಹೇಳುವುದು? ಹತ್ತು ವರ್ಷದ ಮಾತು ಗಾಳಿ ಸುದ್ದಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಎರಡನೇ ಉಪಕಲಮಿನಲ್ಲಿ ಅದು ಬರೆದಿದೆ. ಆದರೆ ಅದು ಆಕ್ಸಿಡೆಂಟ್ ಆದವರಿಗೆಲ್ಲ ಅಲ್ಲ. ಅಜಾಗರೂಕತೆಯಿಂದ ಸಾವು ತಂದು, ಪೊಲೀಸರಿಗೆ ತಿಳಿಸದೆ ಓಡಿ ಹೋದವರಿಗೆ. ಇದನ್ನು ವಿರೋಧಿಸಿಯೇ 2024ರ ಜನವರಿಯಲ್ಲಿ ಲಾರಿಗಳು ನಿಂತದ್ದು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಹಚ್ಚಿದ್ದು ನಿಮಗೂ ನೆನಪಿರಬೇಕು. ಆ ವರ್ಷ ಜುಲೈ 1ಕ್ಕೆ ಹೊಸ ಸಂಹಿತೆ ಜಾರಿಗೆ ಬಂದಾಗ ಈ ಉಪಕಲಮನ್ನು ಮಾತ್ರ ತಡೆಹಿಡಿದರು. ಹಾಗಂತ ಶಿಕ್ಷೆ ಇಲ್ಲ ಅಂತಲ್ಲ, ಅಜಾಗರೂಕತೆಯಿಂದ ಸಾವಾದರೆ ಐದು ವರ್ಷದವರೆಗೆ ಇದ್ದೇ ಇದೆ. ಗಾಡಿ ನಿಲ್ಲಿಸಿ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಡ್ರೈವರ್‌ನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಜನ ಹೊಡೆಯಲು ಬಂದರೆ ಅಲ್ಲೇ ನಿಂತು ಹೊಡೆತ ತಿನ್ನಿ ಅಂತ ಅದೇ ಕಾಯ್ದೆ ಹೇಳುವುದಿಲ್ಲ, ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ತಿಳಿಸಬೇಕು. ಫೋನ್ ಸ್ವಿಚ್ ಆಫ್ ಮಾಡಿ ಊರಿನ ಬಸ್ ಹತ್ತುವುದೇ ಎಲ್ಲರೂ ಮಾಡುವ ತಪ್ಪು. ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಬೇಡಿ, ಊರಿಗೆ ಹೋದಾಗ ಎದುರಿಗೆ ಕೂತು ಹೇಳಿ. ಇನ್ನೊಂದು ಖುಷಿಯ ಸುದ್ದಿ ಬೇಕಿದ್ದರೆ, 2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಆಗಿದೆ. ನಾವು ಎಂಜಿನ್ ಮೇಲೆ ಒದ್ದೆ ಗೋಣಿಚೀಲ ಹಾಸಿಕೊಂಡು ಕೂತಿದ್ದೆವು. ನಿಮ್ಮ ಮಾಲೀಕರ ಗಾಡಿ ಹಳೆಯದೇ ಇರಬೇಕು ಬಿಡಿ.

ಕೊನೆಗೆ ಆ ಮಾಲೀಕರ ಬಗ್ಗೆ. ಏಜೆಂಟ್‌ಗೆ ಕೊಡಲು ಅವರೇ ಮುಂಗಡ ಕೊಡುತ್ತೇನೆ ಅಂದಿದ್ದಾರಾ? ಹಾಗಿದ್ದರೆ ಇನ್ನೂ ಹುಷಾರು, ಆ ಸಾಲ ತೀರುವವರೆಗೆ ನೀವು ಅವರ ಗಾಡಿ ಬಿಡಲು ಆಗುವುದಿಲ್ಲ. ಊರಿನವರು ಎಂದು ನಾಚಿಕೆ ಮಾಡಿಕೊಳ್ಳದೆ ಎಲ್ಲ ಮೊದಲೇ ಕೇಳಿ: ತಿಂಗಳ ಸಂಬಳವಾ, ಟ್ರಿಪ್ ಲೆಕ್ಕವಾ, ಭತ್ತೆ ಎಷ್ಟು, ಕ್ಲೀನರ್ ಕೊಡುತ್ತೀರಾ, ಓವರ್‌ಲೋಡ್ ಹಾಕಿಸುತ್ತೀರಾ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20 ಸಾವಿರ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್‌ಗೆ ಎರಡು ಸಾವಿರ. ಅದನ್ನು ಯಾರು ಕಟ್ಟುವುದು ಎಂದು ಸ್ಪಷ್ಟವಾಗಿ ಕೇಳಿ. ಅವರು ನಕ್ಕು, ಅದೆಲ್ಲ ಆಮೇಲೆ ನೋಡೋಣ ಬಾರೋ ಅಂದರೆ, ಲೈಸೆನ್ಸ್ ಮಾಡಿಸಿಕೊಳ್ಳಿ, ಆದರೆ ಸದ್ಯಕ್ಕೆ ಪಿಕಪ್ ಬಿಡಬೇಡಿ.